ಪರದೇಶದ ಸಂಬಳ: ಗುಣಿಸುವ ಮೊದಲು ಕಳೆಯಿರಿ

ಮೇಷ್ಟ್ರುಗಳಿಗೆ ಗುಣಾಕಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ‘ದುಬೈನಲ್ಲಿ ಸೈನ್ಸ್ ಮೇಷ್ಟ್ರಿಗೆ ನಾಲ್ಕು ಸಾವಿರ ದಿರ್ಹಂ ಕೊಡ್ತಾರಂತೆ’ ಎಂದರೆ ಸಾಕು, ಟೀ ಲೋಟ ಕೆಳಗಿಡುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ದಿರ್ಹಮ್ಮಿಗೆ 23 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 92 ಸಾವಿರ, ವರ್ಷಕ್ಕೆ 11 ಲಕ್ಷ ಚಿಲ್ಲರೆ. ಅಲ್ಲಿ ಆದಾಯ ತೆರಿಗೆಯೂ ಇಲ್ಲ. ಐದು ವರ್ಷಕ್ಕೆ ಅರ್ಧ ಕೋಟಿಯ ಮೇಲಾಯಿತು. ಮಗಳ ಮದುವೆ, ಮೈಸೂರಿನಲ್ಲೊಂದು ಸೈಟು, ಸೊಸೈಟಿಯ ಸಾಲ ಎಲ್ಲವೂ ಕಾಗದದ ಮೇಲೆ ಅಲ್ಲಿಗೇ ತೀರಿಹೋಗಿರುತ್ತವೆ.

ಈ ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ಅದಾದ ಮೇಲೆ ಮಾಡಬೇಕಾದ ವ್ಯವಕಲನವನ್ನು ಮಾತ್ರ ನಾವು ಮರೆಯುತ್ತೇವೆ. ಆ ಬಗ್ಗೆ ನಾಲ್ಕು ಮಾತು ಬರೆಯಲು ನನಗೊಂದು ಕಾರಣವೂ ಇದೆ. ಯು.ಎ.ಇ.ಯಲ್ಲಿ ಭಾರತೀಯ ಪಠ್ಯಕ್ರಮ ನಡೆಸುವ ಒಂದು ಶಾಲೆಯಿಂದ ಈ ವರ್ಷ ನಮ್ಮ ಶಾಲೆಯ ಇಬ್ಬರಿಗೆ ಕರೆ ಬಂತು. ಅಲ್ಲಿ ಮೇಲ್ವಿಚಾರಕನಾಗಿರುವ ಹಳೆಯ ಶಿಷ್ಯನೊಬ್ಬ ನಮ್ಮ ಹೆಸರು ಹೇಳಿದ್ದ. ಇಬ್ಬರಲ್ಲಿ ಒಬ್ಬ ನಾನು, ವಯಸ್ಸು 54. ಇನ್ನೊಬ್ಬರು ನಮ್ಮ ಅತಿಥಿ ಶಿಕ್ಷಕರು, ವಯಸ್ಸು 29. ವಿಷಯ ಒಂದೇ, ಸಂಬಳವೂ ಒಂದೇ. ಉತ್ತರವೂ ಒಂದೇ ಆಗಬೇಕೇ ಎಂಬುದು ಪ್ರಶ್ನೆ.

ಹೊರಗೆ ದುಡಿಯುವುದು ಹೊಸದಲ್ಲ

ನೌಕರಿಯ ವರ್ಗಾವಣೆಗಳಲ್ಲಿ ನಾನು ಸುತ್ತಿದ್ದು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು: ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಈಗ ಶ್ರೀರಂಗಪಟ್ಟಣ. ಹೊರಗಿನವರಿಗೆ ಮಂಡ್ಯ ಎಂದರೆ ಕಬ್ಬು, ಭತ್ತ, ಕನ್ನಂಬಾಡಿಯ ನೀರು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಯ ಬಯಲಿಗೆ ಆ ಮಾತು ಸರಿ. ನಾಗಮಂಗಲದ ಬಹುಭಾಗ ಮಳೆ ನೋಡಿಕೊಂಡು ರಾಗಿ ಬಿತ್ತುವ ಸೀಮೆ. ಅಲ್ಲಿಂದಲೂ ಕೆ.ಆರ್. ಪೇಟೆಯ ಹಳ್ಳಿಗಳಿಂದಲೂ ಜನ ಹೊಟ್ಟೆಪಾಡಿಗೆ ಮುಂಬೈಗೆ ಹೋಗಿ ನೆಲೆಸಿದ್ದಾರೆ. ಈ ಸಂಬಂಧ ಎಷ್ಟು ದೊಡ್ಡದೆಂಬುದು ಊರಿನವರಿಗೇ ಸರಿಯಾಗಿ ತಿಳಿದದ್ದು 2020ರ ಮೇ ತಿಂಗಳಲ್ಲಿ. ಕೊರೋನಾ ಹೆದರಿಕೆಯಲ್ಲಿ ಮುಂಬೈಯಿಂದ ಜನ ಹಿಂಡುಹಿಂಡಾಗಿ ಮರಳಿದರು. ಜಿಲ್ಲೆಯ ಸೋಂಕಿತರ ಪಟ್ಟಿಯಲ್ಲಿ ದಿನವೂ ಈ ಎರಡು ತಾಲ್ಲೂಕುಗಳ ಹೆಸರೇ ಮುಂದಿರುತ್ತಿತ್ತು. ಶಾಲೆ, ಹಾಸ್ಟೆಲುಗಳನ್ನು ಕ್ವಾರಂಟೈನಿಗೆ ಬಿಟ್ಟುಕೊಡಲಾಯಿತು. ವರ್ಷಕ್ಕೊಮ್ಮೆ ಊರಹಬ್ಬಕ್ಕೆ ಸೆಂಟು ಪೂಸಿಕೊಂಡು ಬರುತ್ತಿದ್ದವರು ಅಲ್ಲಿ ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು ಎಂಬುದೂ ಆಗಲೇ ಬಾಯಿಗೆ ಬಂತು.

ಸಂಬಳಕ್ಕಾಗಿ ಸಮುದ್ರ ದಾಟಿ ನಮ್ಮ ಕಡೆಗೆ ಬಂದವರೂ ಇದ್ದಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಯ ಹತ್ತಿರ, ಹೆದ್ದಾರಿಯ ಮಗ್ಗುಲಲ್ಲಿ, ಗ್ಯಾರಿಸನ್ ಸ್ಮಶಾನವೆಂಬ ಹಳೆಯ ಗೋರಿಗಳ ತೋಟವಿದೆ. ಅಲ್ಲಿ ಮಲಗಿರುವವರಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆಗೆ ಸೇರಿದವರೂ ಇದ್ದಾರೆ. 1781ರಲ್ಲಿ ಡಚ್ ಕಂಪೆನಿಯ ಸಂಬಳಕ್ಕೆಂದು ಕಟ್ಟಿದ ಈ ಪಡೆ 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬದಲಾಯಿತು, 1799ರಲ್ಲಿ ಟಿಪ್ಪುವಿನ ಕೋಟೆಯ ಮೇಲೆ ಬಂತು. ಹಿಮದ ಬೆಟ್ಟಗಳ ನಾಡಿನಿಂದ ಬಂದ ಅವರಿಗೆ ಈ ಕೋಟೆಯ ಮೇಲೆ ಸ್ವಂತದ ಹಗೆಯೇನೂ ಇರಲಿಲ್ಲ. ಕರಾರು ಮಾಡಿಕೊಂಡ ಯಜಮಾನನೇ ನಡುವೆ ಬದಲಾಗಬಹುದು ಎಂಬುದು ಅವರ ಕಥೆಯಲ್ಲಿ ನಮಗೆ ಬೇಕಾದ ಮಾತು.

ಇಥಿಯೋಪಿಯಾ, ನೈಜೀರಿಯಾ, ಕುವೈತ್

ಭಾರತದ ಮೇಷ್ಟ್ರುಗಳು ಪರದೇಶಕ್ಕೆ ಹೋಗಿದ್ದು ಕೊಲ್ಲಿಯ ಎಣ್ಣೆ ಹಣ ಬಂದ ಮೇಲೆ ಎಂದು ಅನೇಕರು ತಿಳಿದಿದ್ದಾರೆ. ಅದಕ್ಕೂ ಮೊದಲೇ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ತನ್ನ ದೇಶದ ಶಾಲೆಗಳಿಗೆ ನಮ್ಮವರನ್ನು ಕರೆಸಿಕೊಂಡಿದ್ದ. 1950 ಮತ್ತು 60ರ ದಶಕಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವ ಸಾವಿರಾರು ಭಾರತೀಯರು ಅಲ್ಲಿನ ದೂರದ ಊರುಗಳಲ್ಲೆಲ್ಲ ಹರಡಿಕೊಂಡಿದ್ದರು. 1974ರಲ್ಲಿ ಚಕ್ರವರ್ತಿಯನ್ನು ಸೈನಿಕರು ಕೆಳಗಿಳಿಸಿದರು. ಕೆಲವರು ಉಳಿದರು, ಅನೇಕರು ಹೊರಟರು.

ನಂತರದ್ದು ನೈಜೀರಿಯಾ. ಎಣ್ಣೆಯ ಹಣ ಹರಿದು ಬಂದ ಆ ದೇಶ 1976ರಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣವೆಂದು ಘೋಷಿಸಿತು. ಶಾಲೆಗಳೆದ್ದವು, ಮೇಷ್ಟ್ರುಗಳಿರಲಿಲ್ಲ. ಭಾರತದಿಂದಲೂ ನೆರೆಯ ಘಾನಾದಿಂದಲೂ ಶಿಕ್ಷಕರು ಹೋದರು. 1980ರ ಸುಮಾರಿಗೆ ಒಂದು ನೈರಾ ಎಂದರೆ ಒಂದೂವರೆ ಡಾಲರಿಗಿಂತ ಹೆಚ್ಚು. ಎಣ್ಣೆಯ ಬೆಲೆ ಬಿತ್ತು. 1983ರ ಜನವರಿಯಲ್ಲಿ ಕಾಗದಪತ್ರವಿಲ್ಲದ ಪರದೇಶಿಯರನ್ನು ಹೊರಡಿರೆಂದು ಸರ್ಕಾರ ಆಜ್ಞೆ ಮಾಡಿತು. ಹತ್ತು ಲಕ್ಷಕ್ಕೂ ಮಿಕ್ಕಿ ಜನ, ಅವರಲ್ಲಿ ಹೆಚ್ಚಿನವರು ಘಾನಾದವರು, ಗಂಟುಮೂಟೆ ಕಟ್ಟಿದರು. 1986ರಲ್ಲಿ ನೈರಾವನ್ನು ಮಾರುಕಟ್ಟೆಗೆ ಬಿಟ್ಟದ್ದೇ ತಡ, ಮರುವರ್ಷದ ಹೊತ್ತಿಗೆ ಒಂದು ಡಾಲರಿಗೆ ನಾಲ್ಕು ನೈರಾ ಆಯಿತು. ಸಂಬಳದ ಅಂಕಿ ಅಷ್ಟೇ ಇತ್ತು. ಊರಿಗೆ ಕಳಿಸುವ ಹೊತ್ತಿಗೆ ಅದು ಕರಗಿರುತ್ತಿತ್ತು.

ಕುವೈತಿನ ಕಥೆ ಹಿರಿಯ ಓದುಗರಿಗೆ ನೆನಪಿದ್ದೇ ಇದೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿತು. ಪ್ರಪಂಚದಲ್ಲೇ ಬೆಲೆ ಹೆಚ್ಚಿನ ನಾಣ್ಯವೆನಿಸಿದ್ದ ಕುವೈತ್ ದಿನಾರನ್ನು ಕೆಲವು ವಾರ ಯಾರೂ ಮುಟ್ಟದಂತಾಯಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಬಂದರು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗದ ಮೂಲಕ ಪರಿಹಾರವೂ ಬಂತು. ಅದಕ್ಕೆ ಅರ್ಜಿ ಹಾಕುವಾಗ ಕೆಲಸದ, ವಾಸದ ಕಾಗದಗಳನ್ನು ಜೋಪಾನ ಮಾಡಿಕೊಂಡು ಬಂದಿದ್ದವರ ದಾರಿ ಸುಲಭವಾಯಿತು.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಹೋದ ಬಹಳಷ್ಟು ಜನ ದುಡಿದರು, ಮನೆ ಕಟ್ಟಿದರು, ತಮ್ಮಂದಿರನ್ನು ಓದಿಸಿದರು. ಯು.ಎ.ಇ.ಯ ದಿರ್ಹಂ 1997ರಿಂದ ಡಾಲರಿಗೆ 3.6725ರಂತೆ ಕದಲದೆ ನಿಂತಿದೆ. 1991ರ ಜುಲೈ ಅಪಮೌಲ್ಯದ ನಂತರ 25ರ ಆಸುಪಾಸಿನಲ್ಲಿದ್ದ ಡಾಲರು ಈಗ 80ನ್ನು ದಾಟಿರುವುದರಿಂದ ಅಲ್ಲಿ ದುಡಿಯುವವನಿಗೆ ರೂಪಾಯಿಯ ಲೆಕ್ಕದಲ್ಲಿ ತಾನಾಗಿಯೇ ಬಡ್ತಿ ಸಿಕ್ಕಂತಾಗಿದೆ. ಆದರೆ ಮೈಸೂರಿನ ಸೈಟಿನ ಬೆಲೆ ಅದಕ್ಕಿಂತ ಜೋರಾಗಿ ಓಡಿರುವುದನ್ನೂ ನಾವು ಕಂಡಿದ್ದೇವೆ.

ಒಂದೇ ಪತ್ರ, ಎರಡು ತಕ್ಕಡಿ

ಸನ್ನೆಯ ತತ್ವವನ್ನು ಮಕ್ಕಳಿಗೆ ಹೇಳಿಕೊಡುವಾಗ ನಾನು ಅಡಿಕೋಲಿನ ನಡುವಿಗೆ ದಾರ ಕಟ್ಟಿ ತೂಗುಹಾಕುತ್ತೇನೆ. ಒಂದೇ ತೂಕದ ಎರಡು ಕಲ್ಲನ್ನು ನಡುವಿನಿಂದ ಬೇರೆ ಬೇರೆ ದೂರದಲ್ಲಿ ಕಟ್ಟಿದರೆ ಕೋಲು ದೂರದ ಕಲ್ಲಿನ ಕಡೆಗೆ ವಾಲುತ್ತದೆ. ತೂಕ ಮಾತ್ರ ನೋಡಿದರೆ ಸಾಲದು, ದೂರವನ್ನೂ ನೋಡಬೇಕು. ನಮ್ಮಿಬ್ಬರಿಗೂ ಬಂದದ್ದು ಒಂದೇ ತೂಕದ ಪತ್ರ.

ನನ್ನ ಕಡೆ ನೋಡಿ. ನಾನು 1997ರಲ್ಲಿ ಸರ್ಕಾರಿ ಪ್ರೌಢಶಾಲೆಯ ಸಹಶಿಕ್ಷಕನಾಗಿ ಸೇರಿದವನು. ರಾಜ್ಯದಲ್ಲಿ ಹೊಸ ಪಿಂಚಣಿ ಯೋಜನೆ ಬಂದದ್ದು 2006ರ ಏಪ್ರಿಲ್ 1ರಿಂದ ಸೇರಿದವರಿಗೆ. ಹಾಗಾಗಿ ನನಗೆ ಹಳೆಯ ಪಿಂಚಣಿಯೇ ಇದೆ. ನಿವೃತ್ತಿಗೆ ಆರು ವರ್ಷ ಉಳಿದಿದೆ. ಈಗ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಯ ಲೆಕ್ಕಕ್ಕೆ ಸಿಗುವುದಿಲ್ಲ. ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ, ಮುಂದಿನ ಆರು ವರ್ಷದ ವೇತನ, ವಾರ್ಷಿಕ ಬಡ್ತಿ ಹೋಗುತ್ತವೆ. ಅಲ್ಲಿನ 92 ಸಾವಿರದಿಂದ ಇಲ್ಲಿನ ಸಂಬಳವನ್ನು ಕಳೆದರೆ ಉಳಿಯುವುದೇ ಅಲ್ಪ. ಆ ಅಲ್ಪದಲ್ಲಿ ಅಲ್ಲಿನ ಊಟ, ಇಲ್ಲಿನ ಮನೆ ಎರಡೂ ನಡೆಯಬೇಕು. ಎಂಬತ್ತು ದಾಟಿದ ತಾಯಿಯನ್ನು ಯಾರ ಕೈಯಲ್ಲಿ ಬಿಡುವುದು? ಈ ಕಲಮಿಗೆ ಎಷ್ಟು ರೂಪಾಯಿ ಬರೆಯಬೇಕೋ ನನಗೆ ಗೊತ್ತಾಗಲಿಲ್ಲ.

ಭಾಷೆಯದೂ ಒಂದು ಮಾತಿದೆ. ಇಷ್ಟು ವರ್ಷ ವಕ್ರೀಭವನ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಕನ್ನಡದಲ್ಲೇ ಪಾಠ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಪಾಠ ಹೇಳಲು ಬಾರದೆಂದಲ್ಲ. ಆದರೆ ಜಡತ್ವವನ್ನು ವಿವರಿಸಲು ಎತ್ತಿನಗಾಡಿಯಿಂದ ಕಬ್ಬಿನ ಜಲ್ಲೆ ಜಾರಿದ ಉದಾಹರಣೆ ಕೊಟ್ಟರೆ ಅಲ್ಲಿನ ಮಕ್ಕಳು ನಕ್ಕಾರೆಯೇ?

ಇನ್ನು ನಮ್ಮ ಅತಿಥಿ ಶಿಕ್ಷಕರು. ನಾಗಮಂಗಲ ತಾಲ್ಲೂಕಿನ ಹಳ್ಳಿಯವರು. ಬಿ.ಎಸ್ಸಿ., ಬಿ.ಎಡ್., ಎರಡೂ ಪ್ರಥಮ ದರ್ಜೆ. ಊರಿನಲ್ಲಿ ಎರಡು ಎಕರೆ ಖುಷ್ಕಿ, ತಂಗಿಯ ಮದುವೆಗೆ ಮಾಡಿದ ಸಾಲ. ಗೌರವಧನ ತಿಂಗಳಿಗೆ 12 ಸಾವಿರದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಗಾರೆ ಕೆಲಸದವನಿಗೆ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಹುಟ್ಟುತ್ತದೆ. ಅವರು ಬಿಡುವುದು ಇಷ್ಟೇ. ಪಿಂಚಣಿಯಿಲ್ಲ, ಸೇವಾ ಪುಸ್ತಕವಿಲ್ಲ, ಮುಂದಿನ ವರ್ಷ ಕರೆಯುತ್ತಾರೆಂಬ ಖಾತರಿಯೂ ಇಲ್ಲ. ‘ಹೋಗ್ಲೋ ಬ್ಯಾಡ್ವೋ ನೀವೇ ಹೇಳಿ ಸಾ’ ಎಂದು ಅವರು ಕೇಳಿದಾಗ, ನನಗಾದ ಉತ್ತರವನ್ನೇ ಅವರಿಗೂ ಹೇಳುವುದು ನ್ಯಾಯವಾಗಿರಲಿಲ್ಲ. ಇಬ್ಬರೂ ಕೂತು ಅವರದೇ ಲೆಕ್ಕ ಹಾಕಿದೆವು.

ಕಳೆಯುವ ಲೆಕ್ಕ

ಮೊದಲು ಪತ್ರವನ್ನು ಸರಿಯಾಗಿ ಓದಬೇಕು. ನಾಲ್ಕು ಸಾವಿರ ದಿರ್ಹಂ ಎಂದಿದ್ದರೂ ಅದರಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ನೋಡಬೇಕು. ಯು.ಎ.ಇ. ಕಾನೂನಿನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ತುಂಬದೆ ಹೊರಟರೆ ಏನೂ ಇಲ್ಲ. ಮೂಲವೇತನ ಎರಡು ಸಾವಿರವಾದರೆ ವರ್ಷಕ್ಕೆ ಬರುವುದು 1,400 ದಿರ್ಹಂ. ಐದು ವರ್ಷಕ್ಕೆ 7,000, ಎಂದರೆ ಸುಮಾರು 1 ಲಕ್ಷ 60 ಸಾವಿರ ರೂಪಾಯಿ. ನಾಲ್ಕು ಸಾವಿರವೂ ಮೂಲವೇತನವೇ ಆಗಿದ್ದರೆ ಇದರ ಎರಡರಷ್ಟು.

ಎರಡನೆಯದು ವಾಸ. ಶಾಲೆಯೇ ಕೋಣೆ ಕೊಡುತ್ತದೆಯೋ, ಕೊಟ್ಟರೆ ಎಷ್ಟು ಜನಕ್ಕೆ ಒಂದು ಕೋಣೆ? ಒಂಟಿಯಾಗಿ ಶಾಲೆಯ ಕೋಣೆಯಲ್ಲಿದ್ದು, ಊಟ, ಬಸ್ಸು, ಫೋನು, ಔಷಧಿ ಎಲ್ಲಕ್ಕೂ 1,500 ದಿರ್ಹಂ ಎಂದುಕೊಂಡರೆ 2,500 ಉಳಿಯುತ್ತದೆ, ಸುಮಾರು 57 ಸಾವಿರ ರೂಪಾಯಿ. ಹೆಂಡತಿ ಮಕ್ಕಳನ್ನು ಕರೆದೊಯ್ದರೆ ಮನೆ ಬಾಡಿಗೆಯೊಂದೇ ಸಂಬಳದ ಬಹುಪಾಲನ್ನು ನುಂಗುತ್ತದೆ. ದಂಪತಿಗಳಿಬ್ಬರೂ ದುಡಿಯುವ ಮನೆಗೆ ಮಾತ್ರ ಆ ಲೆಕ್ಕ ಕೂಡಿಬರುತ್ತದೆ.

ಮೂರನೆಯದು ತಿಂಗಳುಗಳು. ಬೇಸಿಗೆ ರಜೆಯ ಎರಡು ತಿಂಗಳಿಗೆ ಸಂಬಳ ಉಂಟೇ? ಊರಿಗೆ ಹೋಗಿಬರುವ ಟಿಕೆಟ್ಟು ವರ್ಷಕ್ಕೊಮ್ಮೆಯೋ, ಎರಡು ವರ್ಷಕ್ಕೊಮ್ಮೆಯೋ? ವಾರಕ್ಕೆ ಎಷ್ಟು ಪೀರಿಯಡ್ಡು? ಬಾಯಲ್ಲಿ ಹೇಳಿದ್ದು ಸಾಲದು, ಕರಾರಿನಲ್ಲಿ ಬರೆದಿರಬೇಕು.

ಅತಿಥಿ ಶಿಕ್ಷಕರ ಲೆಕ್ಕದಲ್ಲಿ ಇಷ್ಟನ್ನೂ ಕಳೆದ ಮೇಲೆ, ರಜೆಯ ಸಂಬಳ ಬಾರದಿದ್ದರೂ, ವರ್ಷಕ್ಕೆ ಐದು ಲಕ್ಷ ಉಳಿಯುವಂತಿತ್ತು. ಇಲ್ಲಿ ಅಷ್ಟು ಕೂಡಿಡಲು ಅವರಿಗೆ ಎಷ್ಟು ವರ್ಷ ಬೇಕೆಂದು ಕೇಳುವುದೇ ಕ್ರೌರ್ಯ. ಒಂದು ಅಂಶ ಮಾತ್ರ ಎದುರಿಗಿತ್ತು. ಅವರು ಅಲ್ಲಿರುವಾಗ ಇಲ್ಲಿ ನೇಮಕಾತಿಯ ಅಧಿಸೂಚನೆ ಬಂದರೆ? ಅರ್ಜಿ ಹಾಕಿ, ಬಂದು ಪರೀಕ್ಷೆ ಬರೆಯಲು ರಜೆ ಬೇಕು, ಟಿಕೆಟ್ಟಿನ ಹಣ ಬೇಕು, ವಯೋಮಿತಿ ದಾಟಿರಬಾರದು. ಅದಕ್ಕೆಂದೇ ಸ್ವಲ್ಪ ಹಣ ಬೇರೆ ಇಡಬೇಕೆಂದು ಬರೆದುಕೊಂಡೆವು.

ಏಜೆಂಟು, ಕಾಗದ, ಕರಾರು

ನಮ್ಮಿಬ್ಬರಿಗೆ ಪರಿಚಯದವರ ಮೂಲಕ ಕರೆ ಬಂತು. ಎಲ್ಲರಿಗೂ ಹಾಗಾಗುವುದಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ಪರದೇಶದ ಕೆಲಸಕ್ಕೆ ಆಳು ಕಳಿಸುವ ಏಜೆಂಟು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಲೇಬೇಕು. ಅಭ್ಯರ್ಥಿಯಿಂದ ಸೇವಾ ಶುಲ್ಕವೆಂದು 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯಷ್ಟನ್ನೇ ಪಡೆಯಬಹುದು, ರಸೀದಿ ಕೊಡಬೇಕು. ನೋಂದಣಿ ಇದೆಯೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಯು.ಎ.ಇ.ಯ 2021ರ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡಬಾರದೆನ್ನುತ್ತದೆ. ಲಕ್ಷಗಟ್ಟಲೆ ಮುಂಗಡ ಕೇಳುವವನು, ‘ವಿಸಿಟ್ ವೀಸಾದಲ್ಲಿ ಹೋಗ್ಬುಡಿ, ಆಮೇಲೆ ಬದಲಾಯಿಸ್ಕೊಳ್ಳಬಹುದು’ ಎನ್ನುವವನು, ಇವರಿಬ್ಬರಿಂದಲೂ ದೂರವಿರಬೇಕು.

ದೊಡ್ಡ ದೇಶವೆಂದ ಮಾತ್ರಕ್ಕೆ ಭದ್ರವೆಂದೂ ತಿಳಿಯಬೇಡಿ. ಅಮೆರಿಕದ ಲೂಸಿಯಾನಾ ರಾಜ್ಯದ ಶಾಲೆಗಳಿಗೆ ಫಿಲಿಪ್ಪೀನ್ಸಿನಿಂದ ಸುಮಾರು 350 ಶಿಕ್ಷಕರನ್ನು ಕರೆತಂದ ಏಜೆನ್ಸಿಯೊಂದು ತಲೆಗೆ ಸುಮಾರು 16 ಸಾವಿರ ಡಾಲರ್ ಕಿತ್ತಿತ್ತು. ಶಿಕ್ಷಕರು ನ್ಯಾಯಾಲಯಕ್ಕೆ ಹೋದರು. 2012ರ ಡಿಸೆಂಬರಿನಲ್ಲಿ ಅವರಿಗೆ 45 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಾಯಿತು. ವಾಷಿಂಗ್ಟನ್ ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಶಾಲಾ ಆಡಳಿತ, ತಾನು ಭರಿಸಬೇಕಾದ ವೀಸಾ ಖರ್ಚನ್ನು ಪರದೇಶಿ ಶಿಕ್ಷಕರ ಮೇಲೆ ಹೊರಿಸಿತ್ತೆಂದು ಅಲ್ಲಿನ ಕಾರ್ಮಿಕ ಇಲಾಖೆ ಕಂಡುಹಿಡಿಯಿತು. 2011ರಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ 42 ಲಕ್ಷ ಡಾಲರ್ ವಾಪಸು ಕೊಡಿಸಲಾಯಿತು. ಜೊತೆಗೆ ಎರಡು ವರ್ಷ ಆ ಆಡಳಿತಕ್ಕೆ ಹೊಸ ವೀಸಾ ಕೋರುವುದು ನಿಷೇಧವಾಯಿತು. ಶಿಕ್ಷೆ ಆಡಳಿತಕ್ಕಾದರೂ, ನವೀಕರಣವಾಗದೆ ಹೊರಡಬೇಕಾದವರು ಮೇಷ್ಟ್ರುಗಳೇ.

ಇಂಗ್ಲೆಂಡ್ 2023ರಲ್ಲಿ ಭಾರತವೂ ಸೇರಿದಂತೆ ಇನ್ನಷ್ಟು ದೇಶಗಳ ಶಿಕ್ಷಕರಿಗೆ ಅಲ್ಲಿನ ಅರ್ಹತಾ ಮಾನ್ಯತೆ ಕೋರುವ ಬಾಗಿಲು ತೆರೆಯಿತು. ನಮ್ಮವರಿಗೆ ಗಣಿತ, ವಿಜ್ಞಾನ, ಭಾಷೆಗಳಿಗೆ ಮಾತ್ರ ಅವಕಾಶ. ಮಾನ್ಯತೆ ಬಂದರೆ ಕೆಲಸ ಬಂತೆಂದು ಅರ್ಥವಲ್ಲ. ಕೆಲಸ ಕೊಟ್ಟು ವೀಸಾಕ್ಕೆ ಜವಾಬ್ದಾರಿ ಹೊರುವ ಶಾಲೆಯನ್ನು ತಾನೇ ಹುಡುಕಿಕೊಳ್ಳಬೇಕು.

ಪದವಿ ಪತ್ರಗಳ ದೃಢೀಕರಣಕ್ಕೆ ತಿಂಗಳುಗಳೇ ಹಿಡಿಯಬಹುದು. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಯು.ಎ.ಇ.ಗಾದರೆ ಅವರ ರಾಯಭಾರ ಕಚೇರಿಯಲ್ಲೂ ಮುದ್ರೆ ಬೀಳಬೇಕು. ಎಲ್ಲದರ ನಕಲನ್ನೂ ಮನೆಯಲ್ಲಿ ಒಂದು ಕಟ್ಟು ಇಟ್ಟು ಹೋಗಬೇಕು. ಸರ್ಕಾರಿ ನೌಕರರು ಪರದೇಶದ ಕೆಲಸಕ್ಕೆ ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆಯಬೇಕು. ‘ಹೋಗಿ ಬನ್ನಿ, ಆಮೇಲೆ ನೋಡೋಣ’ ಎಂಬ ಬಾಯಿಮಾತನ್ನು ನಂಬಿ ಹೊರಟರೆ ಅನಧಿಕೃತ ಗೈರುಹಾಜರಿಯಾಗುತ್ತದೆ.

ಇಲ್ಲಿ ಖಾಲಿಯಾಗುವ ಕುರ್ಚಿ

ಒಳ್ಳೆಯ ಮೇಷ್ಟ್ರೊಬ್ಬರು ಹೊರಟರೆ ಊರಿನ ಮಕ್ಕಳ ಗತಿಯೇನು ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಶಾಲೆಯಲ್ಲಿ ವಿದ್ಯುನ್ಮಂಡಲದ ಪಾಠವನ್ನು ಬಲ್ಬು, ತಂತಿ, ಸೆಲ್ಲು ಕೊಟ್ಟು ಮಕ್ಕಳ ಕೈಯಿಂದಲೇ ಮಾಡಿಸಿದವರು ಈ ಅತಿಥಿ ಶಿಕ್ಷಕರು. ಅದಕ್ಕೆ ಬೇಕಾದ ಸಾಮಾನನ್ನು ತಮ್ಮ ಗೌರವಧನದಲ್ಲೇ ತಂದಿದ್ದರು. ಅವರು ಹೋದರೆ ನಷ್ಟವಾಗುವುದು ನಿಜ.

ಆದರೆ ಆ ನಷ್ಟದ ಭಾರವನ್ನು ತಿಂಗಳಿಗೆ 12 ಸಾವಿರ ಪಡೆಯುವವರ ಹೆಗಲಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಖಾಯಂ ಹುದ್ದೆ ಖಾಲಿಯಿಟ್ಟು, ವರ್ಷ ವರ್ಷವೂ ಅತಿಥಿ ಎಂದು ಕರೆದು, ಬೇಸಿಗೆಯಲ್ಲಿ ಕೈಬಿಡುವ ವ್ಯವಸ್ಥೆ ಅವರನ್ನು ಎಂದೋ ಹೊರಗೆ ಕಳಿಸಿಯಾಗಿದೆ. ದುಬೈ ಹೆಸರಿಗೆ ಮಾತ್ರ. ಅವರು ಇಲ್ಲೇ ಉಳಿದು ಬೆಂಗಳೂರಿನ ಯಾವುದೋ ಗೋದಾಮಿನಲ್ಲಿ ಲೆಕ್ಕ ಬರೆಯಲು ಸೇರಿಕೊಂಡಿದ್ದರೆ ಯಾರೂ ಪ್ರತಿಭೆ ಪಲಾಯನ ಎನ್ನುತ್ತಿರಲಿಲ್ಲ. ಅಲ್ಲಾದರೆ ವಿಜ್ಞಾನವನ್ನೇ ಕಲಿಸುತ್ತಾರೆ.

ನಾವು ಕೊನೆಗೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದೆವು. ಸಾಲ ಎಷ್ಟು, ಅದು ತೀರುವ ತಿಂಗಳು ಯಾವುದು. ಅದಾದ ಮೇಲೆ ಮನೆಗೆಂದು ಕೂಡಿಡುವುದು ಎಷ್ಟು. ಮರಳುವ ವರ್ಷ ಯಾವುದು. ಯಾವ ಸಂಗತಿ ನಡೆದರೆ ಅದಕ್ಕೂ ಮೊದಲೇ ಹೊರಡುವುದು. ಹೋದವರಲ್ಲಿ ಅನೇಕರು ‘ಇನ್ನೊಂದು ವರ್ಷ, ಇನ್ನೊಂದು ವರ್ಷ’ ಎನ್ನುತ್ತಲೇ ಅಲ್ಲಿ ಕೂದಲು ನರೆಸಿಕೊಂಡಿದ್ದಾರೆ. ಊರಿನಲ್ಲಿ ಕಟ್ಟಿದ ಮನೆಗೆ ಬೀಗ ಬಿದ್ದಿದೆ. ಎಷ್ಟು ಸಾಕು ಎಂಬ ಅಂಕಿಯನ್ನು ಹೋಗುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಸಂಬಳ ಕೈಗೆ ಬಂದ ಮೇಲೆ ಆ ಅಂಕಿ ಬೆಳೆಯುತ್ತಲೇ ಹೋಗುತ್ತದೆ.

ನಾನು ಆ ಶಾಲೆಗೆ ಬರಲಾಗುವುದಿಲ್ಲವೆಂದು ಬರೆದೆ. ನಮ್ಮ ಅತಿಥಿ ಶಿಕ್ಷಕರು ಮೂಲವೇತನ, ಕೋಣೆ, ರಜೆಯ ಸಂಬಳ ಮೂರನ್ನೂ ಕರಾರಿನಲ್ಲಿ ಸೇರಿಸಬೇಕೆಂದು ಕೇಳಿ ಪತ್ರ ಬರೆದರು. ಮೊದಲೆರಡಕ್ಕೆ ಒಪ್ಪಿಗೆ ಬಂತು. ರಜೆಯಲ್ಲಿ ಒಂದು ತಿಂಗಳಿಗೆ ಮಾತ್ರ ಸಂಬಳವೆಂದರು. ಅದನ್ನು ಲೆಕ್ಕದಲ್ಲಿ ಕಳೆದು ನೋಡಿ, ಮೂರು ವರ್ಷಕ್ಕೆಂದು ಅವರು ಒಪ್ಪಿಕೊಂಡಿದ್ದಾರೆ. ಹೋಗುವ ಮೊದಲು ಬಲ್ಬು, ತಂತಿಗಳ ಪೆಟ್ಟಿಗೆಯನ್ನು ಪ್ರಯೋಗಾಲಯದ ಬೀರುವಿನಲ್ಲಿಟ್ಟು, ಯಾವ ಪ್ರಯೋಗಕ್ಕೆ ಯಾವುದು ಎಂದು ಚೀಟಿ ಅಂಟಿಸಿ ಕೊಟ್ಟಿದ್ದಾರೆ. ಹೊಸಬರು ಬರುವ ತನಕ ಅವರ ಎಂಟನೇ ತರಗತಿಯ ವಿಜ್ಞಾನದ ಪೀರಿಯಡ್ಡುಗಳೂ ನನ್ನ ವೇಳಾಪಟ್ಟಿಗೇ ಸೇರಿವೆ.